ಇಂಗ್ಲೆಂಡಿಗೆ ಬರಲಿರುವ ತಂಗಿಗೆ: ನಮ್ಮ ಮನೆಯ ಒಂದು ವರ್ಷ

ತಂಗಿ, ಪತಿಯ ಕೆಲಸದ ವೀಸಾದ ಮೇಲೆ ಬಾಗಲಕೋಟೆಯಿಂದ ಇಂಗ್ಲೆಂಡಿಗೆ ಹೊರಟಿರುವ ನೀವು ಬಾಡಿಗೆ ಮನೆ, ಶಾಲೆ, ಚಳಿಯ ವಿಚಾರಗಳನ್ನೆಲ್ಲ ಕೇಳಿ, ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಇಟ್ಟಿದ್ದೀರಿ. ಊರಿನಲ್ಲಿ ಹಿರಿಯರಿಗೆ ಏನಾದರೂ ಆದರೆ ಏನು ಮಾಡುವುದು, ಮಠವಾಗಲಿ ಅಯ್ಯನವರಾಗಲಿ ಹತ್ತಿರವಿಲ್ಲದ ನೆಲದಲ್ಲಿ ನಮ್ಮ ಲಿಂಗಾಯತ ಆಚಾರ ಉಳಿಯುತ್ತದೆಯೇ ಎಂಬುದು ಆ ಪ್ರಶ್ನೆ. ಉಳಿದವಕ್ಕೆ ಉತ್ತರ ಹೇಳುವವರು ಬಹಳ ಜನ ಸಿಗುತ್ತಾರೆ. ಇದಕ್ಕೆ ಮಾತ್ರ ನಮ್ಮ ಮನೆಯ ಕಳೆದ ವರ್ಷವನ್ನೇ ನಿಮ್ಮ ಮುಂದಿಡುತ್ತೇನೆ. ಆ ವರ್ಷ ಧಾರವಾಡದಲ್ಲಿ ನನ್ನ ಅಪ್ಪ ಲಿಂಗೈಕ್ಯರಾದರು, ಹಿರಿಯ ಮಗಳಿಗೆ ಗಂಡುಮಗು ಹುಟ್ಟಿತು, ಮಗ ಎ-ಲೆವೆಲ್ (ನಮ್ಮ ಪಿಯುಸಿಯಂಥದು) ಮುಗಿಸಿ ವಿಶ್ವವಿದ್ಯಾಲಯಕ್ಕೆ ಹೊರಟ, ಅದೇ ಹೊತ್ತಿಗೆ ಇಲ್ಲಿ ನಮ್ಮೊಂದಿಗಿದ್ದ ಅತ್ತೆಯವರು ಲಿಂಗೈಕ್ಯರಾದರು.

ಅಪ್ಪನ ಸುದ್ದಿ ಬಂದಾಗ ಇಲ್ಲಿ ನಡುರಾತ್ರಿ, ಅಲ್ಲಿ ಬೆಳಗಾಗಿತ್ತು. ಲಂಡನ್ನಿನಿಂದ ಬೆಂಗಳೂರಿಗೆ ನೇರ ವಿಮಾನವಿದ್ದರೂ ಹಾರಾಟಕ್ಕೇ ಸುಮಾರು 10 ಗಂಟೆ ಬೇಕು; ಟಿಕೆಟ್ಟು ಹಿಡಿದು, ಬೆಂಗಳೂರಿನಲ್ಲಿ ಇಳಿದು, ಅಲ್ಲಿಂದ ಧಾರವಾಡ ತಲುಪುವುದರೊಳಗೆ ಮರುದಿನವೂ ಮುಗಿಯುತ್ತಾ ಬಂದಿರುತ್ತದೆ. ನಮ್ಮ ಕಡೆ ಅಂದೇ ಸಂಜೆಯೊಳಗೆ ಮಣ್ಣು ಕೊಡುವ ರೂಢಿ. ಅಣ್ಣ ಶೀತಪೆಟ್ಟಿಗೆ ತರಿಸಿ ನಿನಗಾಗಿ ಕಾಯುತ್ತೇವೆ ಎಂದ. ನಾನು ಬೇಡವೆಂದೆ, ಏಕೆಂದರೆ ನಾನು ಬರುವವರೆಗೆ ಹಗಲೂ ರಾತ್ರಿಯೂ ಆ ಪೆಟ್ಟಿಗೆಯ ಮುಂದೆ ಕೂರಬೇಕಾದವಳು ಅವ್ವ. ಅಪ್ಪನನ್ನು ಕುಳ್ಳಿರಿಸಿ, ಹಣೆಗೆ ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಸಮಾಧಿಗೆ ಪತ್ರಿ ಮತ್ತು ವಿಭೂತಿ ತುಂಬಿದ್ದನ್ನು ಫೋನಿನಲ್ಲಿಯೇ ನೋಡಿದೆ. ಆಮೇಲೆ ಅಪ್ಪನ ಸ್ಮರಣೆಗೆಂದು ನಡೆದ ಶಿವಗಣಾರಾಧನೆಗೆ ಹೋಗಿ ಅವ್ವನ ಪಕ್ಕದಲ್ಲಿ ಕುಳಿತೆ. ಆ ನಿರ್ಧಾರ ಸರಿಯಾಗಿತ್ತೆಂದು ಇಂದಿಗೂ ನಂಬಿದ್ದೇನೆ. ಆದರೆ ಇದು ಪ್ರತಿಯೊಂದು ಮನೆಗೂ ಒಪ್ಪುವ ಉತ್ತರವಲ್ಲ, ಆದ್ದರಿಂದ ನಿಮ್ಮ ತಂದೆತಾಯಿಗಳನ್ನೂ ಒಡಹುಟ್ಟಿದವರನ್ನೂ ಹೊರಡುವ ಮೊದಲೇ ಕೂರಿಸಿಕೊಂಡು ಕೇಳಿರಿ. ಅಪಶಕುನದ ಮಾತು ಎಂದು ಹಿರಿಯರು ಗದರಿಸಬಹುದು, ಆದರೂ ಕೇಳಿರಿ.

ಕಾಗದಪತ್ರಗಳ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ತಂದೆತಾಯಿ ತೀರಿಕೊಂಡರೆ ಸಂಬಳಸಹಿತ ರಜೆ ಕೊಡಲೇಬೇಕೆಂಬ ಕಾನೂನು ಈ ದೇಶದಲ್ಲಿಲ್ಲ. ಎಲ್ಲವೂ ಕೆಲಸ ಕೊಟ್ಟವರ ನಿಯಮವನ್ನು ಅವಲಂಬಿಸಿದೆ, ಆದ್ದರಿಂದ ಕರಾರುಪತ್ರದಲ್ಲಿ ಆ ಭಾಗವನ್ನು ಓದಿಯೇ ಸಹಿ ಮಾಡಲಿ ಎಂದು ನಿಮ್ಮ ಪತಿಗೆ ಹೇಳಿರಿ. ಕಾಯಂ ವಾಸದ ಅನುಮತಿ ಬೇಕಿದ್ದರೆ ಯಾವುದೇ 12 ತಿಂಗಳ ಅವಧಿಯಲ್ಲಿ 180 ದಿನಗಳಿಗಿಂತ ಹೆಚ್ಚು ದೇಶದ ಹೊರಗಿರಬಾರದು. ಕಾಯಿಲೆಯ ಹಿರಿಯರ ಸೇವೆಗೆಂದು ದೀರ್ಘಕಾಲ ಊರಿನಲ್ಲಿ ಉಳಿಯುವವರು ಇದನ್ನು ಮರೆಯುವಂತಿಲ್ಲ. ಆ ಅನುಮತಿಗೆ ಬೇಕಾಗಿದ್ದ 5 ವರ್ಷಗಳನ್ನು 10ಕ್ಕೆ ಏರಿಸುವ ಪ್ರಸ್ತಾಪವನ್ನು ಸರ್ಕಾರ 2025ರ ಮೇ ತಿಂಗಳಲ್ಲಿ ಮುಂದಿಟ್ಟಿತು. ವಯಸ್ಸಾದ ತಂದೆತಾಯಿಯನ್ನು ಶಾಶ್ವತವಾಗಿ ಕರೆತರುವ ದಾರಿಯಂತೂ 2012ರಿಂದ ಬಹುಪಾಲು ಮುಚ್ಚಿದೆ. ಅವರು ಸಂದರ್ಶಕರಾಗಿ ಒಮ್ಮೆಗೆ 6 ತಿಂಗಳವರೆಗೆ ಬಂದಿರಬಹುದು, ಆದರೆ ಆಸ್ಪತ್ರೆಗೆ ದಾಖಲಾದರೆ ಚಿಕಿತ್ಸೆಗೆ ತಗಲುವ ವೆಚ್ಚದ ಒಂದೂವರೆ ಪಟ್ಟು ಬಿಲ್ಲು ಬರುತ್ತದೆ. ವಿಮೆಯಿಲ್ಲದೆ ಯಾರನ್ನೂ ಕರೆಸಬೇಡಿ.

ಅಪ್ಪ ಹೋದ ಮೇಲೆ ಅವ್ವನನ್ನು ಹೀಗೆಯೇ ಕರೆಸಿಕೊಂಡೆವು. ಬಸವ ಜಯಂತಿಯ ಹೊತ್ತಿಗೆ ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲಿರುವ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಬಳಿಗೆ ಕರೆದುಕೊಂಡು ಹೋದೆ. ಊರಿನಲ್ಲಿ ಎಲ್ಲರ ಮುಂದೆ ಮೌನವಾಗಿಯೇ ಇದ್ದ ಅವ್ವ ಅಲ್ಲಿ ಪರಿಚಯವಾದ ವಿಜಯಪುರದ ಕಡೆಯ ಹೆಂಗಸೊಬ್ಬರ ಹತ್ತಿರ ಅಪ್ಪನ ವಿಷಯವನ್ನು ಮೊದಲ ಸಲ ಬಾಯಿ ಬಿಟ್ಟು ಮಾತಾಡಿದಳು. ಬಳಗವಿಲ್ಲ ಎಂದು ನೀವು ಬರೆದಿದ್ದಿರಲ್ಲ, ಆದ್ದರಿಂದ ಇದನ್ನು ಹೇಳಿದೆ.

ಅತ್ತೆಯವರ ಸಂಗತಿ ಬೇರೆ. ನಿಯಮ ಬಿಗಿಯಾಗುವ ಮೊದಲೇ ಅವರು ಇಲ್ಲಿಗೆ ಬಂದು ನೆಲೆಸಿದ್ದರು. ಮೊಮ್ಮಗಳ ಮಗುವನ್ನು ಎತ್ತಿಕೊಂಡು ಹರಸಿದ ಕೆಲವೇ ವಾರಗಳಲ್ಲಿ ಆಸ್ಪತ್ರೆ ಸೇರಿದರು. ಅಲ್ಲಿಯ ದಾಖಲೆಯಲ್ಲಿ ಧರ್ಮದ ಕಾಲಂ ಇರುತ್ತದೆ. ಭಾರತದವರೆಂದು ಕಂಡ ಕೂಡಲೇ ಹಿಂದೂ ಎಂದು ಬರೆದುಕೊಂಡು, ಮುಂದೆ ದಹನವೇ ನಡೆಯುವುದೆಂದು ಭಾವಿಸುವ ಸಂಭವವಿದೆ. ಲಿಂಗಾಯತ, ಹೂಳುವ ಸಂಪ್ರದಾಯ ಎಂದು ಸ್ಪಷ್ಟವಾಗಿ ಬರೆಸಿದೆವು. ಸ್ಕ್ಯಾನಿಗೆ ಕರೆದೊಯ್ಯುವಾಗ ಮೈಮೇಲಿನ ಲೋಹವನ್ನೆಲ್ಲ ತೆಗೆಯಲು ಹೇಳುತ್ತಾರೆ. ಇಷ್ಟಲಿಂಗವಿಡುವ ಬೆಳ್ಳಿಯ ಕರಡಿಗೆಯನ್ನು ತೆಗೆದು, ಲಿಂಗವನ್ನು ಮನೆಯವರೊಬ್ಬರು ಕೈಯಲ್ಲಿ ಹಿಡಿದುಕೊಂಡು ಹೊರಗೆ ಕೂರುತ್ತೇವೆ, ಮುಗಿದ ಕೂಡಲೇ ಮರಳಿ ಕೊಡುತ್ತೇವೆ ಎಂದು ವಿವರಿಸಿದಾಗ ದಾದಿಯರು ಬಹಳ ಗೌರವದಿಂದ ನಡೆದುಕೊಂಡರು. ಕೇಳಿದರೆ ಇಲ್ಲಿ ಕೊಡುತ್ತಾರೆ, ಆದರೆ ಕೇಳುವವರು ನಾವೇ ಆಗಬೇಕು.

ಸಾವಿನ ನಂತರದ ಕಾಯುವಿಕೆಗೆ ಊರಿನಿಂದ ಬಂದವರ ಮನಸ್ಸು ಸಿದ್ಧವಾಗಿರುವುದಿಲ್ಲ. ವೈದ್ಯರ ಪ್ರಮಾಣಪತ್ರವನ್ನು ಇನ್ನೊಬ್ಬ ವೈದ್ಯ ಪರೀಕ್ಷಕರು ನೋಡಬೇಕೆಂಬ ನಿಯಮ 2024ರ ಸೆಪ್ಟೆಂಬರಿನಿಂದ ಬಂದಿದೆ, ಆಮೇಲೆ ನೋಂದಣಿ, ಆಮೇಲೆ ಸ್ಮಶಾನದಲ್ಲಿ ದಿನ ಗೊತ್ತುಮಾಡುವುದು. ಎರಡು ಮೂರು ವಾರ ಹಿಡಿಯುವುದು ಇಲ್ಲಿ ಸಾಮಾನ್ಯ. ನಾವು ಆರಿಸಿದ ಸ್ಮಶಾನದಲ್ಲಿ ಕುಳ್ಳಿರಿಸಿ ಹೂಳಲು ಅವಕಾಶವಿರಲಿಲ್ಲ. ಶವಪೆಟ್ಟಿಗೆಯಲ್ಲಿ ಮಲಗಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಅತ್ತೆಯವರೇ ಮುಂಚಿತವಾಗಿ ಊರಿನಿಂದ ತರಿಸಿಟ್ಟುಕೊಂಡಿದ್ದ ವಿಭೂತಿ ಗಟ್ಟಿಗಳನ್ನು ಸುತ್ತಲೂ ಜೋಡಿಸಿದೆವು. ನಮ್ಮ ಬಳಗದ ಹಿರಿಯ ವೈದ್ಯರೊಬ್ಬರು ವಚನಗಳನ್ನು ಹೇಳಿದರು. ಸಮಾಧಿಯ ನೆಲ ಇಲ್ಲಿ ನಮ್ಮದಾಗುವುದಿಲ್ಲ, ನಿಗದಿತ ವರ್ಷಗಳ ಹಕ್ಕು ಮಾತ್ರ ಸಿಗುತ್ತದೆ. ಆ ಕೌನ್ಸಿಲ್ಲಿನ (ಸ್ಥಳೀಯ ಆಡಳಿತದ) ನಿವಾಸಿಗಳಲ್ಲದವರಿಗೆ ಶುಲ್ಕ ಬಹಳಷ್ಟು ಕಡೆ ದುಪ್ಪಟ್ಟೋ ಅದಕ್ಕಿಂತ ಹೆಚ್ಚೋ ಇರುತ್ತದೆ.

ಈಗ ನಿಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಬರುತ್ತೇನೆ. ಅತ್ತೆಯವರ ದೇಹ ಶವಾಗಾರದಲ್ಲಿ ಕಾಯುತ್ತಿದ್ದ ಆ ವಾರಗಳಲ್ಲಿ ಮನೆಯೊಳಗೆ ಎಳೆಗೂಸಿತ್ತು, ಅದರ ಲಿಂಗಧಾರಣೆ, ನಾಮಕರಣಗಳಿಗೆ ಮೊದಲೇ ದಿನ ಗೊತ್ತಾಗಿತ್ತು, ಮಗ ಹಾಸ್ಟೆಲ್ಲಿಗೆ ಹೊರಡುವ ದಿನವೂ ಬಂದಿತ್ತು. ಬೇರೆ ಸಂಪ್ರದಾಯದ ಸ್ನೇಹಿತರು ಎಲ್ಲವನ್ನೂ ಮುಂದೂಡುತ್ತೀರಲ್ಲವೇ ಎಂದು ಕಾಳಜಿಯಿಂದ ಕೇಳಿದರು. ಜನನ, ಮರಣ, ರಜಸ್ಸು (ಮುಟ್ಟು), ಉಚ್ಛಿಷ್ಟ (ಎಂಜಲು), ಜಾತಿ ಎಂಬ ಐದು ಸೂತಕಗಳನ್ನೂ 12ನೆಯ ಶತಮಾನದ ಶರಣರು ತಿರಸ್ಕರಿಸಿದರೆಂದು ಚಿಕ್ಕಂದಿನಿಂದ ಕೇಳುತ್ತ ಬೆಳೆದವಳು ನಾನು. ಅದು ಎಷ್ಟು ದೊಡ್ಡ ಆಧಾರವೆಂಬುದು ಆ ದಿನಗಳಲ್ಲಿ ಅನುಭವಕ್ಕೆ ಬಂತು. ಒಂದು ದಿನವೂ ಲಿಂಗಪೂಜೆ ನಿಲ್ಲಲಿಲ್ಲ. ಮಗುವಿನ ಕಾರ್ಯವನ್ನು ಗೊತ್ತಾದ ದಿನವೇ ಮಾಡಿದೆವು. ನನ್ನ ಪತಿ ತಾಯಿಯನ್ನು ಕಳೆದುಕೊಂಡ ದುಃಖದಲ್ಲಿಯೇ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡರು, ಅಳುವುದಕ್ಕೂ ಹರಸುವುದಕ್ಕೂ ಒಂದೇ ಕೋಣೆ ಸಾಕಾಯಿತು. ಗುಡಿಯನ್ನು ಹುಡುಕಿಕೊಂಡು ನಾವು ಎಲ್ಲಿಗೂ ಹೋಗಬೇಕಾಗಲಿಲ್ಲ, ಪೂಜೆ ಅಂಗೈಯಲ್ಲಿಯೇ ಇತ್ತು.

ಆದ್ದರಿಂದ ಧೈರ್ಯವಾಗಿ ಬನ್ನಿರಿ. ಬರುವಾಗ ಮಕ್ಕಳಿಗೆ ಲಿಂಗದೀಕ್ಷೆ ಆಗಿರದಿದ್ದರೆ ಊರಿನಲ್ಲಿಯೇ ಮಾಡಿಸಿಕೊಂಡು ಬನ್ನಿರಿ, ವಿಭೂತಿ ಗಟ್ಟಿಗಳನ್ನೂ ಲಿಂಗ ಕಟ್ಟಿಕೊಳ್ಳುವ ಶಿವದಾರವನ್ನೂ ಕೈಚೀಲದಲ್ಲಿ ಇಟ್ಟುಕೊಳ್ಳಿರಿ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕರಡಿಗೆಯ ಬಗ್ಗೆ ಕೇಳಿದರೆ ಪೂಜೆಯ ವಸ್ತುವೆಂದು ನೇರವಾಗಿ ಹೇಳಿರಿ. ನೀವು ಯಾವ ಊರಿನಲ್ಲಿ ಮನೆ ಮಾಡುತ್ತೀರೆಂದು ಗೊತ್ತಾದ ಮೇಲೆ ತಿಳಿಸಿದರೆ ಅಲ್ಲಿ ಹತ್ತಿರವಿರುವ ನಮ್ಮವರನ್ನು ನಿಮಗೆ ಪರಿಚಯಿಸುತ್ತೇನೆ.