ನಟನ ಅಂಚೆ, ಅಭಿಮಾನಿಯ ಕಾಗದ

ಪ್ರಶ್ನೆ: ನಮ್ಮ ತಾತ ವೃತ್ತಿ ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದರು. ಅವರ ಟ್ರಂಕಿನಲ್ಲಿ ಅಭಿಮಾನಿಗಳು ಬರೆದ ಕಾಗದಗಳ ಕಟ್ಟೊಂದು ಸಿಕ್ಕಿದೆ. ವಿಕ್ಟೋರಿಯಾ ರಾಣಿಯ ಕಾಲದ ನಟ ಹೆನ್ರಿ ಇರ್ವಿಂಗ್‌ಗೆ ಬಂದ ಪತ್ರಗಳನ್ನು ಇಂದಿಗೂ ಜೋಪಾನ ಮಾಡಿದ್ದಾರೆಂದು ಕೇಳಿದ್ದೇನೆ. ಅಷ್ಟು ದೊಡ್ಡ ನಟ ಅಭಿಮಾನಿಗಳಿಗೆ ಸ್ವತಃ ಉತ್ತರಿಸುತ್ತಿದ್ದನೇ?
— ಅರಸೀಕೆರೆಯ ಓದುಗರು

ಉತ್ತರ: ಆಪ್ತರಿಗೆ ತಾನೇ ಬರೆಯುತ್ತಿದ್ದ, ಉಳಿದವರ ಕಾಗದಗಳಲ್ಲಿ ಬಹುಪಾಲು ಬ್ರಾಂ ಸ್ಟೋಕರ್‌ನ ಮೇಜಿಗೆ ಹೋಗುತ್ತಿದ್ದವು. 1878ರಲ್ಲಿ ಲಂಡನ್ನಿನ ಲೈಸಿಯಂ ರಂಗಮಂದಿರದ ಆಡಳಿತವನ್ನು ಕೈಗೆ ತೆಗೆದುಕೊಂಡ ಇರ್ವಿಂಗ್, ಡಬ್ಲಿನ್ನಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಸ್ಟೋಕರ್‌ನನ್ನು ವ್ಯವಹಾರ ನೋಡಿಕೊಳ್ಳಲು ಕರೆಸಿಕೊಂಡ. 1897ರಲ್ಲಿ ‘ಡ್ರಾಕುಲಾ’ ಕಾದಂಬರಿ ಬರೆದವನು ಇವನೇ. ಆದರೆ ಇರ್ವಿಂಗ್ ಬದುಕಿರುವವರೆಗೂ ಸ್ಟೋಕರ್‌ನ ಹೊಟ್ಟೆಪಾಡಿನ ಕೆಲಸವೆಂದರೆ ಟಿಕೆಟ್ ಲೆಕ್ಕ, ಪ್ರವಾಸದ ಏರ್ಪಾಡು ಮತ್ತು ಒಡೆಯನ ಅಂಚೆ.

ಈ ಸ್ಟೋಕರ್ ಮೊದಲಿಗೆ ಅಭಿಮಾನಿಯೇ ಆಗಿದ್ದನೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. 1876ರಲ್ಲಿ ಇರ್ವಿಂಗ್‌ನ ‘ಹ್ಯಾಮ್ಲೆಟ್’ ನೋಡಿ ಡಬ್ಲಿನ್ನಿನ ಪತ್ರಿಕೆಯಲ್ಲಿ ವಿಮರ್ಶೆ ಬರೆದ. ಅದನ್ನು ಓದಿದ ನಟ ಊಟಕ್ಕೆ ಕರೆದ. ಅಲ್ಲಿಂದ ಶುರುವಾದ ನಂಟು 1905ರಲ್ಲಿ ಇರ್ವಿಂಗ್ ತೀರಿಕೊಳ್ಳುವವರೆಗೂ ಉಳಿಯಿತು. ಇದೇ ಸ್ಟೋಕರ್ ಅಮೆರಿಕದ ಕವಿ ವಾಲ್ಟ್ ವಿಟ್ಮನ್‌ಗೆ 1872ರಲ್ಲಿ ಉದ್ದನೆಯ ಅಭಿಮಾನದ ಕಾಗದ ಬರೆದು, ಕಳಿಸಲು ಧೈರ್ಯ ಸಾಲದೆ, ನಾಲ್ಕು ವರ್ಷ ತನ್ನಲ್ಲೇ ಇಟ್ಟುಕೊಂಡು ಆಮೇಲೆ ಅಂಚೆಗೆ ಹಾಕಿದವನು. ಅಭಿಮಾನಿಯೊಬ್ಬ ಎಷ್ಟು ಹಿಂಜರಿದು ಲೇಖನಿ ಹಿಡಿಯುತ್ತಾನೆಂಬುದು ಅವನಿಗೆ ಸ್ವಂತ ಅನುಭವದಿಂದಲೇ ಗೊತ್ತಿತ್ತು. ಇರ್ವಿಂಗ್‌ನ ಪರವಾಗಿ ಉತ್ತರ ಬರೆಯಲು ಇವನಿಗಿಂತ ಯೋಗ್ಯನು ಸಿಗುವುದು ಕಷ್ಟವಿತ್ತು.

ಕಾಗದಗಳು ಅಷ್ಟೊಂದು ಬರಲು ಅಂಚೆಯ ಅಗ್ಗದ ದರವೂ ಕಾರಣ. 1840ರಲ್ಲಿ ಬ್ರಿಟನ್ನಿನೊಳಗೆ ಅರ್ಧ ಔನ್ಸ್ ತೂಕದ ಪತ್ರ ಎಲ್ಲಿಗೆ ಹೋದರೂ ಒಂದೇ ಪೆನ್ನಿ ಎಂದಾಯಿತು. ಬಂದವೆಲ್ಲ ಹೊಗಳಿಕೆಯ ಕಾಗದಗಳಲ್ಲ. ಪಾಸ್ ಕೇಳುವವರು, ನಾಟಕ ಬರೆದು ಕಳಿಸುವವರು, ಕಷ್ಟದಲ್ಲಿರುವ ಹಳೆಯ ನಟರು, ಹಸ್ತಾಕ್ಷರ ಬೇಡುವವರು, ಎಲ್ಲರೂ ಬರೆಯುತ್ತಿದ್ದರು. ಆಟ ಮುಗಿದ ಮೇಲೆ ಲೈಸಿಯಂನ ಬೀಫ್‌ಸ್ಟೇಕ್ ಕೋಣೆಯಲ್ಲಿ ಇರ್ವಿಂಗ್ ಕೊಡುತ್ತಿದ್ದ ರಾತ್ರಿ ಊಟ ಹೆಸರಾಗಿತ್ತು. 1886ರಲ್ಲಿ ಸಂಗೀತಗಾರ ಫ್ರಾಂಜ್ ಲಿಸ್ಟ್ ಕೂಡ ಅಲ್ಲಿ ಅತಿಥಿಯಾಗಿದ್ದ. ಆ ಊಟಕ್ಕೆ ಬರುತ್ತೇನೆ, ಬರಲಾಗದು ಎನ್ನುವಂಥ ಎರಡು ಸಾಲಿನ ಚೀಟಿಗಳು, ಯಾರು ಯಾರ ಜೊತೆ ಒಡನಾಡುತ್ತಿದ್ದರೆಂಬುದನ್ನು ಉದ್ದುದ್ದ ಪ್ರಶಂಸಾಪತ್ರಗಳಿಗಿಂತ ನಿಖರವಾಗಿ ತಿಳಿಸುತ್ತವೆ.

ಆದ್ದರಿಂದ ನಿಮ್ಮ ತಾತನ ಕಟ್ಟಿನಲ್ಲಿ “ನಾಳೆಯ ಆಟಕ್ಕೆ ಎರಡು ಪಾಸ್ ಕೊಡಿಸಿ” ಎಂಬ ಕಾರ್ಡಿದ್ದರೆ ಅದನ್ನು ಕಸವೆಂದು ಬಿಸಾಡಬೇಡಿ. ಲಕೋಟೆಯ ಮೇಲಿನ ಮೊಹರು ನೋಡಿದರೆ ಕಂಪನಿ ಹಾಸನದಲ್ಲಿ ಯಾವಾಗ ಕ್ಯಾಂಪ್ ಹಾಕಿತ್ತು, ಚಿಕ್ಕಮಗಳೂರಿಗೆ ಎಂದು ಹೋಯಿತು ಎಂಬುದನ್ನು ಗೊತ್ತುಮಾಡಿಕೊಳ್ಳಬಹುದು. ಲಕೋಟೆಯನ್ನೂ ಕಾಗದವನ್ನೂ ಜೊತೆಯಾಗಿಯೇ ಇಡಿ; ಹರಿದದ್ದಕ್ಕೆ ಸೆಲೊಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಲೇಬೇಡಿ.

ಪ್ರಶ್ನೆ: ಬರ್ನಾರ್ಡ್ ಷಾ ಮತ್ತು ನಟಿ ಎಲೆನ್ ಟೆರ್ರಿಯ ಪತ್ರಗಳನ್ನು ಪ್ರೇಮಪತ್ರಗಳೆನ್ನಬಹುದೇ?
— ಚಿಕ್ಕಮಗಳೂರಿನ ಕಾಲೇಜು ವಿದ್ಯಾರ್ಥಿನಿ

ಉತ್ತರ: ಒಲವಿನ ಮಾತು ಅವುಗಳಲ್ಲಿ ಧಾರಾಳವಾಗಿದೆ. ಆದರೆ 1892ರಲ್ಲಿ ಎಲೆನ್, ಗಾಯಕಿಯೊಬ್ಬಳ ವಿಷಯವಾಗಿ ಪತ್ರಿಕೆಯ ಸಂಪಾದಕರಿಗೆ ಬರೆದ ಕಾಗದ ಸಂಗೀತ ವಿಮರ್ಶಕ ಷಾನ ಕೈ ಸೇರಿ ಆರಂಭವಾದ ಈ ವ್ಯವಹಾರದಲ್ಲಿ, ಒಂದೇ ಊರಿನಲ್ಲಿದ್ದೂ ಇಬ್ಬರೂ 1900ರವರೆಗೆ ಮುಖಾಮುಖಿ ಮಾತಾಡಲಿಲ್ಲ. ಎಲೆನ್ ಒಮ್ಮೆ ರಂಗದ ಪರದೆಯ ಕಿಂಡಿಯಿಂದ ಷಾನನ್ನು ಕದ್ದು ನೋಡಿ, “ಅಂತೂ ನಿನ್ನನ್ನು ನೋಡಿಬಿಟ್ಟೆ, ನೀನಿನ್ನೂ ಹುಡುಗ” ಎಂಬರ್ಥದಲ್ಲಿ ಬರೆದಳು. ಆಗ ಷಾ ನಲವತ್ತರ ಆಸುಪಾಸಿನವನು!

ನನ್ನ ಮಟ್ಟಿಗೆ ಇವು ಮುಖ್ಯವಾಗಿ ಕಸುಬಿನ ಪತ್ರಗಳು. ಪಾತ್ರವನ್ನು ಹೇಗೆ ಹಿಡಿಯಬೇಕು, ಯಾವ ನಾಟಕ ಆಡಬೇಕು ಎಂಬ ಚರ್ಚೆಯ ನಡುವೆ ಸರಸ ನುಸುಳುತ್ತದೆ. ಷಾಗೆ ಸ್ವಾರ್ಥವೂ ಇತ್ತು. ತನ್ನ ‘ದಿ ಮ್ಯಾನ್ ಆಫ್ ಡೆಸ್ಟಿನಿ’ ನಾಟಕವನ್ನು ಲೈಸಿಯಂನಲ್ಲಿ ಆಡಿಸುವ ಆಸೆಯಿಂದ, ಅಲ್ಲಿ ಇರ್ವಿಂಗ್‌ನ ಜೊತೆ ನಾಯಕಿಯಾಗಿ ನಟಿಸುತ್ತಿದ್ದ ಎಲೆನ್‌ಳನ್ನು ಒಲಿಸುತ್ತ, ಅದೇ ಹೊತ್ತಿಗೆ ‘ಸ್ಯಾಟರ್ಡೇ ರಿವ್ಯೂ’ ಪತ್ರಿಕೆಯಲ್ಲಿ ಇರ್ವಿಂಗ್‌ನ ಮೇಲೆ ಹರಿಹಾಯುತ್ತಿದ್ದ. ಇರ್ವಿಂಗ್ 1897ರಲ್ಲಿ ನಾಟಕವನ್ನು ಹಿಂದಿರುಗಿಸಿದ. ಸುಮ್ಮನಿರಬೇಕಾದ ಸಂದರ್ಭದಲ್ಲೂ ಷಾನ ಕೈ ಸುಮ್ಮನಿರುತ್ತಿರಲಿಲ್ಲ. 1905ರಲ್ಲಿ ಇರ್ವಿಂಗ್‌ನ ಅಂತ್ಯವಿಧಿಗೆ ಬಂದ ಟಿಕೆಟ್ಟನ್ನು ಮರಳಿಸುತ್ತ, ನಾನು ಬಂದರೆ ಅವನು ಪೆಟ್ಟಿಗೆಯಲ್ಲೇ ಮಗ್ಗುಲು ಬದಲಿಸಿಯಾನು ಎಂದು ಬರೆದ.

ಎಲೆನ್ 1928ರಲ್ಲಿ ತೀರಿಕೊಂಡಳು; ಪತ್ರಗಳು 1931ರಲ್ಲಿ ಪುಸ್ತಕವಾದವು. ಆಕೆಯ ಮಗ ಗಾರ್ಡನ್ ಕ್ರೇಗ್ ಅದನ್ನು ಕಟುವಾಗಿ ವಿರೋಧಿಸಿದ. ಮಗನ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೂ ಪುಸ್ತಕ ಬಂದದ್ದೇ ಒಳ್ಳೆಯದಾಯಿತು.

ಪ್ರಶ್ನೆ: ನಟರೊಬ್ಬರು ನಮ್ಮ ಮನೆಗೆ ಬರೆದ ಪತ್ರಗಳು ನಮ್ಮಲ್ಲಿವೆ. ಅಚ್ಚು ಹಾಕಿಸಲು ಯಾರನ್ನಾದರೂ ಕೇಳಬೇಕೇ?
— ಸಕಲೇಶಪುರದ ಓದುಗರು

ಉತ್ತರ: ಕೇಳಬೇಕು. ಕಾಗದ ನಿಮ್ಮದು, ಅದರ ಒಕ್ಕಣೆ ಬರೆದವರದು. ಕವಿ ಪೋಪ್ ಮತ್ತು ಪುಸ್ತಕ ವ್ಯಾಪಾರಿ ಕರ್ಲ್ ನಡುವಿನ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ನ್ಯಾಯಾಲಯ 1741ರಲ್ಲೇ ಹೀಗೆ ತೀರ್ಮಾನಿಸಿತು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲೂ ಬರಹದ ಹಕ್ಕು ಮೊದಲಿಗೆ ಬರೆದವರದೇ, ಅವರ ನಂತರ ವಾರಸುದಾರರದು. ಆ ನಟರ ಮನೆಯವರಿಂದ ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆದುಕೊಳ್ಳಿ. ಹಾಗೆ ಕೇಳಿದಾಗ, ನಿಮ್ಮ ಮನೆಯಿಂದ ಹೋದ ಉತ್ತರಗಳು ಅವರಲ್ಲಿ ಉಳಿದಿವೆಯೇ ಎಂಬುದನ್ನೂ ವಿಚಾರಿಸಿ.