ಬಸ್ ಬರುತ್ತಾ?

ಪತ್ರ: ಕಳೆದ ಸಂಚಿಕೆಯ ಆಟಿಸಂ ಲೇಖನದಲ್ಲಿ ಬರೀ ಮಕ್ಕಳದ್ದೇ ಮಾತು. ನನ್ನ ಮಗನಿಗೆ 28. ಬೌದ್ಧಿಕ ಅಂಗವೈಕಲ್ಯವೂ ಇದೆ. ಡೇ ಸೆಂಟರಿನ ಬಸ್ಸು ನಿಲ್ಲುವ ಜಾಗ ಬದಲಾದಾಗಿನಿಂದ ಬೆಳಿಗ್ಗೆ ಕೈ ಕಚ್ಚಿಕೊಳ್ಳುತ್ತಾನೆ, ‘ಬಸ್ ಬರುತ್ತಾ’ ಅಂತ ನೂರು ಸಲ ಕೇಳುತ್ತಾನೆ. ಡಾಕ್ಟರು ರಿಸ್ಪೆರಿಡೋನ್ ಮಾತ್ರೆ ಜಾಸ್ತಿ ಮಾಡಿದರು. ಈಗ ಹಗಲೆಲ್ಲ ತೂಕಡಿಕೆ. ಇದು ಆತಂಕವೇ? ಮಾತ್ರೆ ಬಿಟ್ಟರೆ ದಾರಿಯಿಲ್ಲವೇ?
– ಒಬ್ಬ ತಾಯಿ, ರಾಜಾಜಿನಗರ, ಬೆಂಗಳೂರು

ಸಂಪಾದಕರ ಉತ್ತರ: ತಪ್ಪು ನಮ್ಮದೇ, ಅಮ್ಮ. ಹದಿನೆಂಟು ದಾಟಿದ ಮೇಲೆ ಆಟಿಸಂ ಎಲ್ಲೋ ಹೊರಟುಹೋಗುತ್ತದೆ ಎನ್ನುವ ಹಾಗೆ ಬರೆದುಬಿಟ್ಟೆವು.

ಎದೆ ಹೊಡ್ಕೊಳ್ತಿದೆ ಅಂತ ನಾವು ಬಾಯಿಬಿಟ್ಟು ಹೇಳುತ್ತೇವೆ. ಅಷ್ಟು ಮಾತು ಬಾರದವರಲ್ಲಿ ಆತಂಕ ಹೊರಬೀಳುವುದು ಹೀಗೇ: ಕಚ್ಚಿಕೊಳ್ಳುವುದು, ಕೇಳಿದ್ದನ್ನೇ ಕೇಳುವುದು. ಅಕ್ಕಪಕ್ಕದವರು ಹಠ ಅನ್ನುತ್ತಾರೆ. ‘ಆಟಿಸಂನಲ್ಲಿ ಇದೆಲ್ಲ ಇದ್ದದ್ದೇ’ ಎಂದು ಕೈತೊಳೆದುಕೊಳ್ಳುವ ವೈದ್ಯರೂ ಇದ್ದಾರೆ. ಆದರೂ ಮೊದಲು ಹಲ್ಲು, ಕಿವಿ, ಮಲಬದ್ಧತೆ ನೋಡಿಸಿ. ನೋವಿಗೂ ಕೈ ಕಚ್ಚಿಕೊಳ್ಳುವುದುಂಟು.

ಮಾತ್ರೆಯ ವಿಷಯ. ಅಮೆರಿಕದಲ್ಲಿ 2006ರಲ್ಲಿ ರಿಸ್ಪೆರಿಡೋನ್‌ಗೆ ಒಪ್ಪಿಗೆ ಸಿಕ್ಕಿದ್ದು ಆಟಿಸಂ ಇರುವ ಮಕ್ಕಳ, ಹದಿಹರೆಯದವರ ರೇಗಾಟಕ್ಕೆ, ಆತಂಕಕ್ಕಲ್ಲ. ತೂಕಡಿಕೆ, ಮೈ ಬರುವುದು ಅದರ ಗೊತ್ತಿರುವ ಅಡ್ಡಪರಿಣಾಮಗಳು. ಹಾಗಂತ ನೀವೇ ನಿಲ್ಲಿಸಬೇಡಿ. ಯಾವುದಕ್ಕೆ ಕೊಟ್ಟಿದ್ದೀರಿ, ಗುಣ ಕಾಣದಿದ್ದರೆ ಯಾವಾಗ ಇಳಿಸುತ್ತೀರಿ ಎಂದು ಮಾತ್ರೆ ಬರೆದ ವೈದ್ಯರನ್ನೇ ಕೇಳಿ.

ಇನ್ನು ಬಸ್ಸು. ನೀವು ‘ಬರುತ್ತೆ, ಸುಮ್ನಿರು’ ಅನ್ನುತ್ತೀರಿ. ಅದು ಇಪ್ಪತ್ತು ನಿಮಿಷ ತಡ (ನಮ್ಮೂರಲ್ಲಿ ಅದೂ ಬೇಗವೇ). ಅಲ್ಲಿಗೆ ನಿಮ್ಮ ಉತ್ತರ ಅವನ ಮಟ್ಟಿಗೆ ಸುಳ್ಳಾಯಿತು. ಹೊಸ ಸ್ಟಾಪಿನ ಫೋಟೊ ತೆಗೆದು ಕ್ಯಾಲೆಂಡರಿನ ಪಕ್ಕ ಸಾಲಾಗಿ ಅಂಟಿಸಿ: ತಿಂಡಿ ತಟ್ಟೆ, ಚಪ್ಪಲಿ, ಸ್ಟಾಪು, ಬಸ್ಸು. ಬಸ್ಸಿಗೆ ಮೊದಲು ‘ಕಾಯುವುದು’ ಅಂತ ಇನ್ನೊಂದು ಚಿತ್ರ. ಎಲ್ಲರೂ ಮರೆಯುವುದು ಅದನ್ನೇ. ಕೇಳಿದಾಗಲೆಲ್ಲ ಬೆರಳಿಟ್ಟು ತೋರಿಸಿ. ರಜೆಯ ದಿನ ಸ್ಟಾಪಿನ ತನಕ ಹೋಗಿ, ಸುಮ್ಮನೆ ನಿಂತು, ವಾಪಸ್ ಬನ್ನಿ. ಅದು ಸಲೀಸಾದ ಮೇಲೆ ಮುಂದಿನ ಹೆಜ್ಜೆ. ಗಾಬರಿ ಏರಿದರೆ ಹಿಂದಿನದಕ್ಕೇ ಮರಳಿ. ಸಿಬಿಟಿ ಎನ್ನುವ, ಯೋಚನೆ-ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆಯಲ್ಲಿ ಹೆದರಿಕೆಯನ್ನು ಇಳಿಸುವುದೂ ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ನಿಮ್ಮ ಮಗನಂಥವರಿಗೆ ಅದರಲ್ಲಿ ಮಾತು ಕಡಿಮೆ, ಚಿತ್ರ ಜಾಸ್ತಿ ಬೇಕು. ಅಧ್ಯಯನಗಳು ಇಂಥವರನ್ನು ಹೊರಗಿಟ್ಟೇ ನಡೆದದ್ದು ಹೆಚ್ಚು, ಹಾಗಾಗಿ ಖಾತರಿ ಕೊಡಲಾರೆ.

ಹೊಸೂರು ರಸ್ತೆಯ ನಿಮ್ಹಾನ್ಸ್ ನಿಮಗೆ ದೂರವೇ. ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಗೆ ಹೋಗುವಾಗ ಎರಡು ವಾರದ ಟಿಪ್ಪಣಿ ಜೊತೆಗಿರಲಿ: ಕಚ್ಚಿಕೊಂಡದ್ದು ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನಾಗಿತ್ತು. ಮೊಬೈಲಿನಲ್ಲಿ ಒಂದು ವಿಡಿಯೊ ಕೂಡ ಇರಲಿ. ಒಪಿಡಿಯ ಐದು ನಿಮಿಷ ಅವನು ತಣ್ಣಗೆ ಕೂತುಬಿಡುತ್ತಾನೆ, ನೋಡುತ್ತಿರಿ.