ದೇಶ ಬಿಟ್ಟು ಬಂದ ಮೇಲೆ ಅಮೂರ್ತ ನಿಸರ್ಗಚಿತ್ರದಲ್ಲಿ ಯಾವ ನೆಲವನ್ನು ಬರೆಯಬೇಕು?

ಬಿಟ್ಟು ಬಂದ ನೆಲವನ್ನೋ, ಬಂದು ಸೇರಿದ ನೆಲವನ್ನೋ ಎಂದು ಕೇಳಿದ್ದೀರಿ. ದೇಶ ಬಿಡುವಾಗ ನನಗೆ ಅನುಮಾನವೇ ಇರಲಿಲ್ಲ, ಬಿಟ್ಟು ಬಂದದ್ದನ್ನೇ ಅಂದುಕೊಂಡಿದ್ದೆ. ಅದಕ್ಕೇ ಹಳೆಯ ಆಯಿಲ್ ಕ್ಯಾನ್ವಾಸ್‌ಗಳನ್ನೆಲ್ಲ ಫ್ರೇಮಿನಿಂದ ಬಿಚ್ಚಿ ಸುತ್ತಿಕೊಂಡು ಬಂದೆ. ಅವನ್ನು ಎದುರಿಗಿಟ್ಟುಕೊಂಡು ಅಲ್ಲಿಂದಲೇ ಮುಂದುವರಿಸುವ ಯೋಚನೆ.

ಸುತ್ತಿದ ರೀತಿಯೇ ತಪ್ಪಾಗಿತ್ತು. ಚಿತ್ರಕ್ಕೆ ಪೆಟ್ಟು ಬೀಳದಿರಲಿ ಅಂತ ಬಣ್ಣದ ಮುಖವನ್ನು ಒಳಗೆ ಮಾಡಿ, ಸಣ್ಣ ಕೊಳವೆಗೆ ಬಿಗಿಯಾಗಿ ಸುತ್ತಿದ್ದೆ. ಮಾಡಬೇಕಾದ್ದು ಇದರ ಉಲ್ಟಾ. ಬಣ್ಣ ಹೊರಗಿರಬೇಕು, ಕೊಳವೆ ದಪ್ಪ ಇರಬೇಕು, ಸುತ್ತು ಸಡಿಲ ಇರಬೇಕು. ಬಣ್ಣ ಒಳಗಿದ್ದರೆ ಪದರ ಒತ್ತಿಕೊಂಡು ಸುಕ್ಕಾಗುತ್ತದೆ, ಬಿಡಿಸಿದಾಗ ಸುಕ್ಕು ಬಿದ್ದಲ್ಲೇ ಬಿರುಕು. ಇನ್ನೊಂದು ವಿಷಯ. ದಪ್ಪ ಆಯಿಲ್ ಬಣ್ಣ ಮೇಲೆ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು, ಅಷ್ಟರೊಳಗೆ ಸುತ್ತಿದರೆ ಅಂಟಿಕೊಳ್ಳುತ್ತದೆ. ಜಿಂಕ್ ವೈಟ್ ಅನ್ನುವ ಬಿಳಿ ಬಣ್ಣವಾದರೆ ಹಳೆಯದಾದಷ್ಟೂ ಪೆಡಸಾಗುತ್ತದೆ. ನನ್ನ ಆಕಾಶಗಳೆಲ್ಲ ಜಿಂಕ್ ವೈಟ್‌ನಲ್ಲೇ ಇದ್ದವು. ಅದೂ ಚಳಿಗಾಲ, ತಣ್ಣಗಿನ ಕೋಣೆ. ಬಿಡಿಸುತ್ತಿದ್ದಂತೆ ಆಕಾಶ ಚಕ್ಕೆ ಚಕ್ಕೆಯಾಗಿ ನೆಲಕ್ಕೆ ಉದುರಿತು. ಆ ಕೆಲಸವೆಲ್ಲ ಹೋಯಿತು.

ಉಳಿದದ್ದನ್ನು ಸರಿಪಡಿಸಲು ಕೂತೆ. ಬಿರುಕಿನ ಪಕ್ಕ ಹಚ್ಚಿದ ಹೊಸ ಬಣ್ಣ ಏನು ಮಾಡಿದರೂ ಹಳೆಯದಕ್ಕೆ ಕೂಡಲಿಲ್ಲ. ಟ್ಯೂಬ್ ಅದೇ, ಬೆರೆಸುವ ಕೈಯೂ ಅದೇ. ಆದರೆ ಇಲ್ಲಿ ಸೂರ್ಯ ಜಾಸ್ತಿ ಮೇಲೇರುವುದಿಲ್ಲ, ನೆರಳು ಉದ್ದ, ಅದರಲ್ಲಿ ನೀಲಿ ಇರುತ್ತದೆ. ಕಣ್ಣು ಆಗಲೇ ಈ ಬೆಳಕಿಗೆ ಒಗ್ಗಿಹೋಗಿತ್ತು. ಹಳೆಯ ಕೆಂಪು ಹಚ್ಚಲು ಹೋದರೆ ಹೊಸ ಬೂದು ಬರುತ್ತಿತ್ತು.

ಹಾಗಾಗಿ ನಿಮ್ಮ ‘ಅದೋ, ಇದೋ’ ನನಗೆ ಒಪ್ಪಿಗೆಯಿಲ್ಲ. ಚಿತ್ರಕಾರ ಎಸ್. ಎಚ್. ರಜಾ 1950ರಲ್ಲಿ ಪ್ಯಾರಿಸ್‌ಗೆ ಹೋದವರು. ಮೊದಲು ಬರೆದದ್ದು ಫ್ರಾನ್ಸಿನ ಹಳ್ಳಿಗಳನ್ನು, ಚರ್ಚುಗಳನ್ನು. ಬಾಲ್ಯದ ಮಧ್ಯಪ್ರದೇಶದ ಕಾಡು ಅವರ ಕ್ಯಾನ್ವಾಸಿನಲ್ಲಿ ಗಟ್ಟಿಯಾಗಿ ನಿಂತದ್ದು ಎಷ್ಟೋ ವರ್ಷಗಳ ಮೇಲೆ. ಲೆಬನಾನಿನ ಬೈರೂತ್‌ನಲ್ಲಿ ಹುಟ್ಟಿದ ಚಿತ್ರಕಲಾವಿದೆ ಎಟೆಲ್ ಅದ್ನಾನ್ ಕ್ಯಾಲಿಫೋರ್ನಿಯಾದ ಟಮಲ್ಪಾಯಿಸ್ ಬೆಟ್ಟವನ್ನು ಮತ್ತೆ ಮತ್ತೆ ಬರೆದರು. ಸಣ್ಣ ಕ್ಯಾನ್ವಾಸ್, ಬ್ರಷ್ ಬದಲು ಬಣ್ಣ ಹಚ್ಚುವ ಚಪ್ಪಟೆ ಚಾಕು (ಪ್ಯಾಲೆಟ್ ನೈಫ್), ಟ್ಯೂಬಿನಿಂದ ನೇರ ಬಣ್ಣ. ಆಮೇಲೆ ಪ್ಯಾರಿಸ್‌ಗೆ ಹೋದರೂ ಆ ಬೆಟ್ಟವನ್ನು ಬಿಡಲಿಲ್ಲ. ಅದು ಅವರು ಬಿಟ್ಟು ಬಂದ ನೆಲವೋ, ಬಂದು ಸೇರಿದ ನೆಲವೋ? ನೀವೇ ಹೇಳಿ.

ದಿನಾ ಕಣ್ಣಿಗೆ ಬೀಳುವ ಒಂದು ತುಂಡು ನೆಲ ಹಿಡಿಯಿರಿ. ಒಂದೇ ಹೊತ್ತಿಗೆ ಕೂತು, ಸಣ್ಣ ಅಳತೆಯಲ್ಲಿ, ನಾಲ್ಕೇ ಬಣ್ಣದಲ್ಲಿ ಬರೆಯಿರಿ. ಬಿಟ್ಟು ಬಂದದ್ದು ಬರುವುದಾದರೆ ತಾನಾಗಿ ಬರುತ್ತದೆ. ಸುಮ್ನೆ ನೆನಪಿನಿಂದ ಎಳೆದು ತರಬೇಡಿ, ಪೋಸ್ಟ್‌ಕಾರ್ಡ್ ಆಗಿಬಿಡುತ್ತದೆ. ಗ್ಯಾಲರಿಯವರು ‘ನಿಮ್ಮ ಊರಿನದ್ದು ಬೇಕು’ ಅನ್ನುತ್ತಾರೆ, ನನಗೂ ಅಂದಿದ್ದಾರೆ. ಈಗ ಮಾಡುತ್ತಿರುವುದನ್ನೇ ತೋರಿಸಿ. ಬೇಡ ಅಂದರೆ ಬೇರೆ ಗ್ಯಾಲರಿ ನೋಡಿ.